ಸುಣ್ಣ ಹೊಡೆಸಿದ ಮೇಷ್ಟ್ರು

ಯುರೋಪಿನ ಪಾಠ ಶುರುವಾಗುವ ದಿನ ಮಂಜುನಾಥಪ್ಪ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಉಳಿದ ದಿನ ಹಾಗೇನೂ ಇರಲಿಲ್ಲ. ಮೊದಲು ಕೋಣಂದೂರಿನ ಹತ್ತಿರ, ಆಮೇಲೆ ಹೊಸನಗರ ತಾಲ್ಲೂಕಿನಲ್ಲಿ, ಕೊನೆಗೆ ಸಾಗರದಲ್ಲಿ ಒಟ್ಟು ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ಮೊಘಲರನ್ನು ಎರಡು ಪಿರಿಯಡ್‌ನಲ್ಲಿ ಮುಗಿಸಿ, ಬಹಮನಿ ಸುಲ್ತಾನರನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಹೇಳಿ, ಉಳಿಸಿದ ಸಮಯವನ್ನೆಲ್ಲ ಒಂಬತ್ತನೇ ತರಗತಿಯ ಒಂದೇ ಪಾಠಕ್ಕೆ ಸುರಿಯುತ್ತಿದ್ದರು. ಯುರೋಪಿನ ಪುನರುಜ್ಜೀವನ ಮತ್ತು ಮತ ಸುಧಾರಣೆ. ಪರೀಕ್ಷೆಯಲ್ಲಿ ಅದಕ್ಕೆ ಬರುತ್ತಿದ್ದುದು ಐದು ಅಂಕ.

"ಸಾವಿರದ ಐನೂರ ಹದಿನೇಳನೇ ಇಸವಿ," ಎಂದು ಶುರುಮಾಡುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. "ದುಡ್ಡು ಕೊಟ್ರೆ ಪಾಪ ತೊಳೆದು ಹೋಗ್ತದೆ ಅಂತ ಚರ್ಚಿನವರು ಚೀಟಿ ಮಾರ್ತಿದ್ರು. ಮಾರ್ಟಿನ್ ಲೂಥರ್ ಅನ್ನೋ ಒಬ್ಬ ಸನ್ಯಾಸಿ ತೊಂಬತ್ತೈದು ಆಕ್ಷೇಪಣೆ ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಅಂತ ಹೇಳ್ತಾರೆ. ಅಚ್ಚಿನ ಯಂತ್ರ ಆಗಲೇ ಬಂದಿತ್ತು. ಹದಿನೈದು ದಿನದಲ್ಲಿ ಅದು ಜರ್ಮನಿ ತುಂಬ ಹರಡಿತು. ಬೈಬಲ್ಲು ಜನರ ಮಾತಿಗೆ ಬಂತು. ರೊಟ್ಟಿ ಸುಡೋ ಹೆಂಗಸೂ ಇದು ಎಲ್ಲಿ ಬರೆದಿದೆ ತೋರಿಸಿ ಅಂತ ಪಾದ್ರಿನ ಕೇಳೋ ಹಾಗಾಯ್ತು."

ಸುಧಾರಣೆ ಎಂಬ ಮಾತಿನ ಮೇಲೆ ಅವರಿಗಿದ್ದ ಭಕ್ತಿಗೆ ಕಾರಣವಿತ್ತು. ಅಪ್ಪ ಜಟ್ಟಿಂಗಪ್ಪ ಇಕ್ಕೇರಿಯ ಆಚೆಗಿನ ಹಳ್ಳಿಯಲ್ಲಿ ಇನ್ನೊಬ್ಬರ ಗದ್ದೆ ಗೇಣಿಗೆ ಮಾಡುತ್ತಿದ್ದ ದೀವರ ಸಮುದಾಯದ ಮನುಷ್ಯ. ಮಗನಿಗೆ ಹತ್ತು ವರ್ಷವಾಗಿದ್ದಾಗ ಭೂಸುಧಾರಣೆ ಕಾಯಿದೆ ಬಂತು. ಡಿಕ್ಲರೇಷನ್ ಅರ್ಜಿ ಹಾಕಿದರು, ಓಡಾಡಿದರು, ಉತ್ತ ಗದ್ದೆ ತಮ್ಮದಾಯಿತು. ಆ ಮನೆಯಲ್ಲಿ ದೇವರ ಹೆಸರಿನಷ್ಟೇ ಗೌರವದಿಂದ ಉಚ್ಚರಿಸುತ್ತಿದ್ದ ಇನ್ನೊಂದು ಮಾತೆಂದರೆ ಸುಧಾರಣೆ. ಏನನ್ನಾದರೂ ಕೊಡುವ ಸುಧಾರಣೆಯನ್ನಷ್ಟೇ ಕಂಡಿದ್ದ ಹುಡುಗ, ಕಸಿದುಕೊಳ್ಳುವ ಸುಧಾರಣೆಯೂ ಇರುತ್ತದೆ ಎಂದು ಹೇಗೆ ಊಹಿಸಿಯಾನು?

ಶಿವಮೊಗ್ಗದ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ, ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕದಿಂದ ಅವರು ಪಠ್ಯದಲ್ಲಿ ಇಲ್ಲದ್ದನ್ನೂ ಹೇಳುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಜೂರಿಕ್‌ನಂಥ ಊರುಗಳಲ್ಲಿ ಸುಧಾರಕರು ಚರ್ಚಿನ ಗೋಡೆಯ ಮೇಲಿದ್ದ ಚಿತ್ರಗಳಿಗೆಲ್ಲ ಸುಣ್ಣ ಹೊಡೆದರಂತೆ. ದೇವರಿಗೂ ಮನುಷ್ಯನಿಗೂ ನಡುವೆ ಬಣ್ಣ ಏಕೆ ಎಂದರಂತೆ. ಇದನ್ನು ಸೋಮವಾರ ಮೆಚ್ಚಿ ಹೇಳುತ್ತಿದ್ದರು. ಮಂಗಳವಾರ ಇಟಲಿಗೆ ಬಂದು, ಹಸಿ ಗಾರೆ ಒಣಗುವ ಮೊದಲೇ ಗೋಡೆಯ ಮೇಲೆ ಬರೆದು ಮುಗಿಸುತ್ತಿದ್ದ ಕಲಾವಿದರನ್ನು ಅಷ್ಟೇ ಮೆಚ್ಚಿ ಹೇಳುತ್ತಿದ್ದರು. ಪುಸ್ತಕದಲ್ಲಿ ಅಂಚೆ ಚೀಟಿಯಷ್ಟೇ ದೊಡ್ಡದಾಗಿ ಮಸಿ ಹಿಡಿದು ಅಚ್ಚಾಗಿದ್ದ ಒಂದು ಚಿತ್ರವನ್ನು ಪ್ರತಿ ಬೆಂಚಿಗೂ ಒಯ್ದು ತೋರಿಸುತ್ತಿದ್ದರು. ಸೋಮವಾರದ ಮೇಷ್ಟರಿಗೂ ಮಂಗಳವಾರದ ಮೇಷ್ಟರಿಗೂ ಜಗಳವಾಗಬೇಕಿತ್ತು ಎಂಬುದು ಅವರಿಗಾಗಲಿ ಮಕ್ಕಳಿಗಾಗಲಿ ಹೊಳೆಯಲಿಲ್ಲ.

೧೯೯೬ರಲ್ಲಿ ಅವರ ಮದುವೆ ನಿಶ್ಚಯವಾಯಿತು. ಹೆಣ್ಣು ಹೊಸನಗರದ ಕಡೆಯವಳು, ಯಶೋಧಾ. ಮದುವೆಗೆ ತಿಂಗಳಿದೆ ಎನ್ನುವಾಗ ಮೇಷ್ಟ್ರು ಒಂದು ದೊಡ್ಡ ಹಾಳೆಯಲ್ಲಿ ಹನ್ನೊಂದು ಅಂಶ ಬರೆದು, ಗಂಜಿ ಹಚ್ಚಿ, ತಮ್ಮ ಮನೆಯ ಬಾಗಿಲಿಗೇ ಅಂಟಿಸಿದರು. ಅವ್ವ ಕೆರಿಯಮ್ಮನಿಗೆ ಓದು ಬರುತ್ತಿರಲಿಲ್ಲ. ಗದ್ದೆಯಿಂದ ಬಂದವರು ಬಾಗಿಲ ಮುಂದೆ ನಿಂತು ನೋಡಿದರು.

"ಎಂತದೋ ಮಂಜಾ ಇದು? ಲೈಟ್ ಬಿಲ್ಲಿನವ್ರು ಅಂಟ್ಸಿ ಹೋದ್ರಾ?"

"ಅಲ್ಲ ಅವ್ವ, ನಂದೇ. ನಮ್ಮ ಮದ್ವೆ ಹೆಂಗೆ ನಡೀಬೇಕು ಅಂತ."

"ಅದ್ನ ನಂಗೆ ಬಾಯಲ್ಲಿ ಹೇಳಕ್ಕೆ ಎಂತ ಆಗಿತ್ತು?"

ಮೇಷ್ಟ್ರು ಓದಿ ಹೇಳಿದರು. ವರದಕ್ಷಿಣೆ ಇಲ್ಲ. ಮುಹೂರ್ತ ಕೇಳಿಸುವುದಿಲ್ಲ. ಪುರೋಹಿತರಿಲ್ಲ. ಊಟಕ್ಕೆ ಎರಡೇ ಪಲ್ಯ. ಹೀಗೆ ಸಾಗಿ ಒಂಬತ್ತನೆಯ ಅಂಶಕ್ಕೆ ಬಂದಾಗ ಅವರ ದನಿ ಸ್ವಲ್ಪ ಇಳಿಯಿತು: ಅರ್ಥ ಯಾರಿಗೂ ಗೊತ್ತಿಲ್ಲದ ಗೋಡೆಯ ಚಿತ್ತಾರಗಳನ್ನು ಬರೆಯುವುದಿಲ್ಲ.

ದೀವರ ಮನೆಯಲ್ಲಿ ಮದುವೆಯೆಂದರೆ ಹಸೆ ಗೋಡೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಗೆರೆ ಎಳೆದು, ಚೌಕದೊಳಗೆ ಚೌಕ ಕಟ್ಟಿ, ನಡುವೆ ಮದುಮಕ್ಕಳನ್ನು ಕೂರಿಸುವ ಚಿತ್ತಾರ. ಅದರ ಮುಂದೆಯೇ ಗಂಡು ಹೆಣ್ಣು ಹಸೆಗೆ ಕೂರಬೇಕು. ಕೆರಿಯಮ್ಮ ಸುತ್ತಲ ನಾಲ್ಕು ಹಳ್ಳಿಗೆ ಹೆಸರಾದ ಚಿತ್ತಾರಗಿತ್ತಿ. ಪುಂಡಿನಾರಿನ ಕುಂಚ ಹಿಡಿದು ಅವರು ಎಳೆದ ಗೆರೆಗೆ ನೂಲು ಹಿಡಿದು ನೋಡಿದವರುಂಟು. ಎರಡು ವರ್ಷದ ಹಿಂದೆ ಮಗಳ ಮದುವೆಗೆ ಬರೆದ ಚಿತ್ತಾರ ಮನೆಯ ಗೋಡೆಯ ಮೇಲೆ ಇನ್ನೂ ಇತ್ತು.

"ಅದಕ್ಕೂ ಸುಣ್ಣ ಹೊಡಿಸ್ತೀನಿ ಅವ್ವ. ನಾಳೆ ಆಳಿಗೆ ಹೇಳಿದೀನಿ," ಎಂದರು ಮೇಷ್ಟ್ರು.

ಅವ್ವ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡು ಎರಡಕ್ಕೂ ಉತ್ತರ ತಯಾರಿಟ್ಟುಕೊಂಡಿದ್ದರು. ಕೆರಿಯಮ್ಮ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ, ಸೆರಗು ಕೊಡವಿಕೊಂಡು ಹೇಳಿದ್ದು ಇಷ್ಟೇ: "ಸುಣ್ಣ ಹೊಡ್ಯಕ್ಕೆ ಆಳೆಂತಕ್ಕೆ? ನಂಗೆ ಬರದಿಲ್ವಾ?"

ಮರುದಿನ ಅವರೇ ಹೊಡೆದರು. ಮೂರು ಕೋಟು. ಗಾರೆ ಕೆಲಸದವರೂ ಅಷ್ಟು ನುಣ್ಣಗೆ ಹೊಡೆಯುತ್ತಿರಲಿಲ್ಲ. ಮೇಷ್ಟರಿಗೆ ಗೆದ್ದ ಹಾಗೂ ಆಯಿತು, ಯಾಕೋ ಗೆದ್ದಂತೆ ಅನಿಸಲೂ ಇಲ್ಲ. ಮದುವೆಯ ದಿನ ಆ ಬೆಳ್ಳನೆಯ ಗೋಡೆಗೆ ಒರಗಿ ಕೂತ ಯಶೋಧಾಳ ಧಾರೆ ಸೀರೆಯ ಬೆನ್ನಿಗೆಲ್ಲ ಸುಣ್ಣ ಮೆತ್ತಿತು. ಫೋಟೋದಲ್ಲಿ ಅದು ಸ್ಪಷ್ಟವಾಗಿ ಬಂದಿದೆ.

ಮೇಷ್ಟರ ಸುಧಾರಣೆ ಊರಿಗೆ ಹಬ್ಬಿತು. ಹೇಗೆಂದರೆ, ಹನ್ನೊಂದರಲ್ಲಿ ಒಂಬತ್ತನೆಯದು ಮಾತ್ರ ಹಬ್ಬಿತು. ವರದಕ್ಷಿಣೆ ಮೊದಲಿನಂತೆಯೇ ನಡೆಯಿತು, ಪಲ್ಯ ಎರಡರಿಂದ ಆರಕ್ಕೆ ಏರಿತು, ಮುಹೂರ್ತ ಕೇಳುವವರು ಶಿವಮೊಗ್ಗದ ತನಕ ಹೋಗಿ ಕೇಳಿದರು. ಆದರೆ ವಾರಗಟ್ಟಲೆ ಹೆಂಗಸರು ಕೂತು ಗೋಡೆಗೆ ಬರೆಯುವ ರಗಳೆ ಬೇಡ ಎನ್ನುವ ವಿಷಯದಲ್ಲಿ ಎಲ್ಲರೂ ಸುಧಾರಕರಾದರು. "ಮೇಷ್ಟ್ರೇ ಬಿಟ್ಟಿದಾರೆ, ನಮ್ದೇನು?" ಎಂದರು. ಹಸೆ ಗೋಡೆಯ ಜಾಗಕ್ಕೆ ಮೊದಲು ಜರಿ ಪರದೆ, ಆಮೇಲೆ ಮದುಮಕ್ಕಳ ಹೆಸರು ಹಾಕಿದ ಫ್ಲೆಕ್ಸ್ ಬಂತು. ಜರ್ಮನಿಯ ಅರಸರು ಲೂಥರನ ಮಾತಿನಲ್ಲಿ ಮಠಗಳ ಆಸ್ತಿ ತಮಗೆ ಸೇರುತ್ತದೆ ಎಂಬಷ್ಟನ್ನೇ ಗಮನವಿಟ್ಟು ಕೇಳಿಸಿಕೊಂಡರು ಎಂದು ಮೇಷ್ಟ್ರು ಪ್ರತಿ ವರ್ಷ ಪಾಠ ಮಾಡುತ್ತಿದ್ದರು. ಅದು ಪಾಠ, ಇದು ಊರು.

ಕೆರಿಯಮ್ಮ ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಮಾತ್ರ ವರ್ಷಕ್ಕೊಮ್ಮೆ ಚಿತ್ತಾರ ಬರೆಯುತ್ತಿದ್ದರು. ಹನ್ನೊಂದು ಅಂಶಗಳಲ್ಲಿ ಬುಟ್ಟಿಯ ಪ್ರಸ್ತಾಪ ಇರಲಿಲ್ಲವಾದ್ದರಿಂದ ಮೇಷ್ಟ್ರು ಸುಮ್ಮನಿದ್ದರು.

ಮೇಷ್ಟ್ರು ನಿವೃತ್ತರಾದ ವರ್ಷದ ಕೊನೆಗೆ ಕಾವ್ಯಾಳ ಫೋನ್ ಬಂತು. ಕೋಣಂದೂರಿನ ಕಡೆಯ ಶಾಲೆಯಲ್ಲಿ ಅವರ ಹತ್ತಿರ ಓದಿದ ಹುಡುಗಿ. ಈಗ ಮೈಸೂರಿನ ಕಾಲೇಜೊಂದರಲ್ಲಿ ಕಲೆಯ ಇತಿಹಾಸ ಕಲಿಸುತ್ತಾಳೆ.

"ಸಾರ್, ಒಂಬತ್ತನೇ ಕ್ಲಾಸಲ್ಲಿ ನೀವು ಆ ಚಿಕ್ಕ ಚಿತ್ರ ತೋರಿಸಿದ್ರಲ್ಲ, ಅದರಿಂದಾನೇ ನಾನು ಈ ಕಡೆ ಬಂದಿದ್ದು," ಎಂದಳು. ಮೇಷ್ಟರ ಎದೆ ಉಬ್ಬಿತು. "ಇಟಲಿಯ ಫ್ಲಾರೆನ್ಸ್ ಕಡೆಯಿಂದ ಒಬ್ರು ಬಂದಿದಾರೆ ಸಾರ್, ಪಾವ್ಲಾ ಅಂತ. ಸುಣ್ಣದ ಕೆಳಗೆ ಮುಚ್ಚಿಹೋದ ಹಳೇ ಗೋಡೆ ಚಿತ್ರಗಳನ್ನ ಹೊರಗೆ ತೆಗೆಯೋದು ಅವರ ಕೆಲಸ. ಇಕ್ಕೇರಿ ದೇವಸ್ಥಾನ ನೋಡ್ಕೊಂಡು ಹಸೆ ಚಿತ್ತಾರ ನೋಡ್ಬೇಕಂತೆ. ನಿಮ್ಮನೇಲಿ ಹಳೇದು ಇದ್ದೇ ಇರುತ್ತಲ್ಲ ಸಾರ್? ನೀವು ಅಷ್ಟು ಕಲಾಭಿಮಾನಿ."

ಇಲ್ಲ ಎನ್ನಬೇಕಿತ್ತು. ಆದರೆ ಫ್ಲಾರೆನ್ಸ್ ಎಂಬ ಊರು ತಮ್ಮ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿರುವಾಗ ಯಾವ ಬಾಯಲ್ಲಿ ಬೇಡವೆನ್ನುವುದು? "ಇದೆ, ಕರ್ಕೊಂಡು ಬಾ," ಎಂದುಬಿಟ್ಟರು.

ನೇರ ಅವ್ವನ ಹತ್ತಿರ ಹೋದರು. ಕೆರಿಯಮ್ಮನಿಗೆ ಆಗ ಎಂಬತ್ತು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅವ್ವ, ಗೋಡೆ ಮೇಲೆ ಒಂದು ಹಸೆ ಬರ್ಕೊಡ್ತೀಯಾ? ಹತ್ತು ದಿನ ಟೈಮ್ ಇದೆ."

"ಯಾರ ಮದ್ವೆ?"

"ಮದ್ವೆ ಅಲ್ಲ. ನೋಡಕ್ಕೆ ಬರ್ತಾರೆ."

"ಹೆಣ್ ನೋಡಕ್ಕಾ?"

"ಅಲ್ಲ ಅವ್ವ, ಗೋಡೆ ನೋಡಕ್ಕೆ."

ಕೆರಿಯಮ್ಮ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಮಗನ ಮುಖ ನೋಡಿದರು. "ಮದ್ವೆ ಇಲ್ದೆ ಹಸೆ ಬರೀತಾರನೋ? ಹಂಗೆಲ್ಲ ಆಗದಿಲ್ಲ."

ಮೇಷ್ಟ್ರು ಅಂದು ಅವ್ವನಿಗೆ ಪುನರುಜ್ಜೀವನದ ಪಾಠ ಮಾಡಿದರು. ಒಂದು ಕಾಲದಲ್ಲಿ ಇಟಲಿಯಲ್ಲೂ ಚಿತ್ರವೆಂದರೆ ದೇವರ ಕೆಲಸಕ್ಕೆ ಮಾತ್ರ ಎಂದಿತ್ತು, ಆಮೇಲೆ ಮನುಷ್ಯ ತನ್ನ ಖುಷಿಗೆ ಬರೆಯತೊಡಗಿದ, ಸಿರಿವಂತರು ಬರೆಸಿದರು, ಬರೆದವನು ತನ್ನ ಹೆಸರು ಹಾಕಿದ. ಕೆರಿಯಮ್ಮ ಸಮಾಧಾನವಾಗಿ ಕೇಳಿಸಿಕೊಂಡರು.

"ಅವ್ರು ಬರ್ಕಳ್ಳಿ. ನಾ ಬೇಡ ಅಂದ್ನಾ?" ಎಂದು ಅವರೆಕಾಯಿ ಸುಲಿಯುವುದು ಮುಂದುವರಿಸಿದರು.

ಇನ್ನುಳಿದದ್ದು ಒಂದೇ ದಾರಿ. ಗೋಡೆಯ ಒಳಗೆ ಹಳೆಯ ಚಿತ್ತಾರ ಇದ್ದೇ ಇದೆಯಲ್ಲ? ಹೆಂಗಸರಿಬ್ಬರೂ ಪಕ್ಕದ ಹಳ್ಳಿಯ ಸೀಮಂತಕ್ಕೆ ಹೋದ ಮಧ್ಯಾಹ್ನ ಮೇಷ್ಟ್ರು ದೋಸೆ ಮಗುಚುವ ಸಟ್ಟುಗ ತೆಗೆದುಕೊಂಡು ಗೋಡೆಯ ಮುಂದೆ ನಿಂತರು. ಮೇಲೆ ತಿಳಿಹಸಿರು ಪೇಂಟು, ಅದರ ಕೆಳಗೆ ಡಿಸ್ಟೆಂಪರು, ಅದರ ಕೆಳಗೆ ಅವ್ವನ ಮೂರು ಕೋಟು ಸುಣ್ಣ. ಮೆಲ್ಲಗೆ ಕೆರೆದರು. ಆಮೇಲೆ ಅಷ್ಟು ಮೆಲ್ಲಗಲ್ಲದೆ ಕೆರೆದರು. ತಟ್ಟೆಯಗಲದ ಗಾರೆ ಮಣ್ಣು ಸಮೇತ ಕಳಚಿ ಪಾದದ ಮೇಲೆ ಬಿತ್ತು. ಯಶೋಧಾ ಬಾಗಿಲಲ್ಲಿ ನಿಂತಿದ್ದಳು. ಮರೆತ ಉಡುಗೊರೆ ಒಯ್ಯಲು ವಾಪಸು ಬಂದಿದ್ದಳು.

"ಇಪ್ಪತ್ತೆಂಟು ವರ್ಷ ಆಯ್ತು," ಎಂದಳು ಅವಳು, ಸಟ್ಟುಗವನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತ. "ಈಗ ಬೇಕಾಯ್ತಾ?"

ಜನವರಿಯ ಒಂದು ಬೆಳಿಗ್ಗೆ ಕಾವ್ಯಾ ಮತ್ತು ಪಾವ್ಲಾ ಬಂದರು. ಪಾವ್ಲಾ ಐವತ್ತು ದಾಟಿದ ಗಿಡ್ಡನೆಯ ಹೆಂಗಸು. ಮೇಷ್ಟ್ರು ಮೂವತ್ತು ವರ್ಷದಿಂದ ಕೂಡಿಟ್ಟಿದ್ದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು. ಆ ಮಹಾನಗರದ ನಡುವೆ ಹುಟ್ಟಿ ಬೆಳೆಯುವುದೆಂದರೆ ಹೇಗಿರುತ್ತದೆ ಎಂಬುದು ಮೊದಲನೆಯದು. ತನ್ನದು ಫ್ಲಾರೆನ್ಸಿನಿಂದ ಒಂದೂವರೆ ಗಂಟೆ ಬಸ್ಸಿನ ಹಳ್ಳಿ, ಅಪ್ಪನದು ಟಯರ್ ಪಂಚರ್ ಅಂಗಡಿ, ಆ ಪ್ರಸಿದ್ಧ ಚಿತ್ರಗಳನ್ನು ಮೊದಲು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ನೆನಪಿರುವುದು ಬಿಸಿಲಲ್ಲಿ ನಿಂತ ಸಾಲು ಮಾತ್ರ ಎಂದಳು ಪಾವ್ಲಾ. ಮೇಷ್ಟ್ರು ಉಳಿದ ಪ್ರಶ್ನೆಗಳನ್ನು ಜೇಬಿಗೆ ಹಾಕಿಕೊಂಡರು.

ಚಿತ್ತಾರ ಎಲ್ಲಿ ಎಂದು ಕಾವ್ಯಾ ಕೇಳಿದಾಗ ಅವರು ಗೋಡೆ ತೋರಿಸಿದರು. ಹಸಿರು ಗೋಡೆ, ನಡುವೆ ಒಂದು ಗಾಯ.

"ಇದರ ಕೆಳಗಿದೆ," ಎಂದರು. ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ದನಿಯಲ್ಲಿ ಉಳಿದದ್ದನ್ನೂ ಹೇಳಿದರು: ಮದುವೆ, ಹನ್ನೊಂದು ಅಂಶ, ಸುಣ್ಣ.

ಪಾವ್ಲಾ ಬೇಸರಪಡಲಿಲ್ಲ. ಬದಲಿಗೆ ನಕ್ಕಳು. ಕಾವ್ಯಾ ಕನ್ನಡಕ್ಕೆ ತಿರುಗಿಸಿ ಹೇಳಿದಳು: "ನಿಮ್ಮಂಥೋರಿಂದಾನೇ ತನ್ನ ಹೊಟ್ಟೆ ತುಂಬ್ತಿದೆ ಅಂತಾರೆ ಸಾರ್. ಸ್ವಿಟ್ಜರ್‌ಲೆಂಡಲ್ಲಿ ಸುಧಾರಕರು ಸುಣ್ಣ ಹೊಡೆದ ಚಿತ್ರಗಳು ಎಷ್ಟೋ ಕಡೆ ಹೊಗೆ, ಧೂಳು ಯಾವುದೂ ತಾಗದೆ ನಾನೂರು ವರ್ಷ ಚೆನ್ನಾಗಿ ಉಳಿದವಂತೆ. ಚಿತ್ರಗಳನ್ನ ತುಂಬಾ ಪ್ರೀತಿ ಮಾಡಿದ ಊರುಗಳಲ್ಲಿ ಪ್ರತಿ ತಲೆಮಾರಿನವರೂ ಅದರ ಮೇಲೆ ಹೊಸ ಬಣ್ಣ ಬಳಿದು ಹಾಳು ಮಾಡಿದ್ರಂತೆ."

ಮೇಷ್ಟರ ಮುಖದಲ್ಲಿ ಜೀವ ಬಂತು. ಹಾಗಾದರೆ ತಾವು ಅಳಿಸಿದ್ದಲ್ಲ, ಗೊತ್ತಿಲ್ಲದೆಯೇ ಕಾಪಾಡಿದ್ದು! ಪಾವ್ಲಾ ಪುಟ್ಟ ಬ್ಲೇಡು, ಹತ್ತಿ, ಕಣ್ಣಿಗೆ ಹಿಡಿಯುವ ಭೂತಗನ್ನಡಿ ಹೊರತೆಗೆದು ಗಾಯದ ಅಂಚಿನಲ್ಲಿ ಕೂತಳು. ಒಂದು ಗಂಟೆಯಾಯಿತು. ಎರಡು ಗಂಟೆಯಾಯಿತು. ಮೇಷ್ಟ್ರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಸುಣ್ಣದ ಕೆಳಗೆ ಬರೀ ಕೆಮ್ಮಣ್ಣು ಕಾಣಿಸಿತು, ಒಂದು ಎಳೆ ಬಿಳಿಯೂ ಇಲ್ಲ.

ಅಷ್ಟರಲ್ಲಿ ಕೆರಿಯಮ್ಮ ಕೋಲೂರಿಕೊಂಡು ಬಂದರು. "ಎಂತ ಹುಡುಕ್ತಾರೆ ಇವ್ರು?"

"ತಂಗಿ ಮದ್ವೆಗೆ ನೀ ಬರ್ದಿದ್ದ ಹಸೆ ಅವ್ವ. ಸುಣ್ಣದಡಿಗೆ ಇದ್ಯಲ್ಲ."

"ಅಲ್ಲೆಲ್ಲಿರ್ತದೆ? ಸುಣ್ಣ ಹೊಡ್ಯಕ್ಕೆ ಮುಂಚೆ ಒದ್ದೆ ಬಟ್ಟೆ ತಗಂಡು ತಿಕ್ಕಿ ತೊಳ್ದಿದೀನಿ."

ಟಾರ್ಚ್ ಹಿಡಿದ ಕೈ ಕೆಳಗಿಳಿಯಿತು. "ತೊಳೆದ್ಯಾ? ಅಷ್ಟು ಸಿಟ್ಟು ಬಂದಿತ್ತಾ ನಿಂಗೆ?"

"ಸಿಟ್ಟೆಂತದು? ಯಾವಾಗ್ಲೂ ಹಂಗೇ ಅಲ್ವನಾ ಮಾಡದು. ಹೊಸ ಮದ್ವೆ ಬಂತು ಅಂದ್ರೆ ಹಳೇದ್ನ ತೊಳ್ದು, ಮಣ್ಣು ಸಾರ್ಸಿ, ಮತ್ತೆ ಬರಿಯದು. ನಮ್ಮತ್ತೆ ಬರ್ದಿದ್ದು ನಾ ತೊಳ್ದಿದೀನಿ. ಅವ್ರತ್ತೆದು ಅವ್ರು ತೊಳ್ದಿದ್ರು."

ಕಾವ್ಯಾ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ ಮೇಲೆ ಪಾವ್ಲಾ ಬ್ಲೇಡನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಮೇಷ್ಟ್ರು ಮಾತ್ರ ಆಸೆಯಿಂದ ಕೇಳಿದರು: "ಹಂಗಾರೆ ಅಳ್ಸಿದ್ದು ತಪ್ಪಾಗ್ಲಿಲ್ಲ ಅನ್ನು?"

"ಅಳ್ಸಿದ್ದೆಂತ ತಪ್ಪು?" ಎಂದರು ಕೆರಿಯಮ್ಮ. "ಆಮೇಲೆ ಬರಿ ಬಾ ಅಂತ ಒಬ್ರೂ ಕರೀಲಿಲ್ಲ, ಅಷ್ಟೇಯ."

ಹಾಗೆ ಹೇಳಿ ಅತಿಥಿಗಳಿಗೆ ಅಡುಗೆ ಆಯಿತೋ ಇಲ್ಲವೋ ನೋಡಲು ಒಳಗೆ ಹೋದರು. ಸುಣ್ಣದ ವಿಷಯಕ್ಕೆ ಕ್ಷಮೆ ಕೇಳುವುದು ಹೇಗೆಂದು ಹತ್ತು ದಿನದಿಂದ ಯೋಚಿಸಿದ್ದ ಮೇಷ್ಟರಿಗೆ, ಕೇಳಬೇಕಾದ ಕ್ಷಮೆ ಬೇರೆಯದೇ ಎಂದು ಆಗ ಗೊತ್ತಾಯಿತು. ಊಟಕ್ಕೆ ಕೂತಾಗ ಅವರು ಅನ್ನ ಕಲಸಿದ್ದನ್ನೇ ಕಲಸುತ್ತಿದ್ದರು. ಕಾವ್ಯಾ ಬುಟ್ಟಿಯ ಮೇಲಿನ ಚಿತ್ತಾರದ ಫೋಟೋ ತೆಗೆದು, "ಅಜ್ಜಿ, ಬರೆದವರ ಹೆಸರು ಏನಂತ ಹಾಕ್ಲಿ?" ಎಂದು ಕೇಳಿದಳು. ಕೆರಿಯಮ್ಮ ಈ ಎಳೆ ಅತ್ತೆಯದು, ಈ ಅಂಚು ತವರಿನ ಚಿಕ್ಕಮ್ಮನದು, ಕೆಳಗಿನ ಸಾಲು ತನ್ನವ್ವನದು ಎಂದು ಬೆರಳಿಟ್ಟು ತೋರಿಸಿ, "ಎಲ್ರದ್ದೂ ಹಾಕು, ಇಲ್ದಿದ್ರೆ ಬಿಡು," ಎಂದರು. ಕಾವ್ಯಾ ಕೆರಿಯಮ್ಮನದೂ ಸೇರಿ ನಾಲ್ಕೂ ಹೆಸರು ಕೇಳಿ ಬರೆದುಕೊಂಡಳು.

ಮೇಷ್ಟರ ಮಗಳು ಲಿಖಿತಾಳ ಮದುವೆ ನಿರಂಜನ ಎಂಬ ಹುಡುಗನ ಜೊತೆ ಏಪ್ರಿಲಿಗೆ ನಿಶ್ಚಯವಾದದ್ದು ಇದಾಗಿ ಎರಡು ವಾರಕ್ಕೆ. ತೀರ್ಥಹಳ್ಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಲಿಖಿತಾ ಅಪ್ಪನ ಮಗಳೇ. ಅವಳೂ ಪಟ್ಟಿ ಮಾಡಿದಳು. ಬಾಗಿಲಿಗೆ ಅಂಟಿಸದೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಹದಿನಾಲ್ಕು ಅಂಶ. ಪುರೋಹಿತರು ಬೇಕು. ಮುಹೂರ್ತ ಬೇಕು. ಮೆಹಂದಿ, ಅರಿಶಿನ ಬೇಕು. ಅರಿಶಿನಕ್ಕೆ ಎಲ್ಲರೂ ಹಳದಿಯನ್ನೇ ಉಡಬೇಕು. ಡ್ರೋನ್ ಕ್ಯಾಮೆರಾ ಬೇಕು. ಹದಿಮೂರನೆಯದು, ಮನೆಯ ಗೋಡೆಯ ಮೇಲೆ ಅಜ್ಜಿಯ ಕೈಯ ಹಸೆ ಬೇಕು.

ಮತ ಸುಧಾರಣೆಯ ಪಾಠದ ಕೊನೆಗೆ ಪ್ರತಿ ಸುಧಾರಣೆ ಎಂಬ ಒಂದು ಪ್ಯಾರಾ ಇದೆ. ಹಳೆಯ ಚರ್ಚು ತನ್ನನ್ನು ತಾನು ತಿದ್ದಿಕೊಂಡು, ಮೊದಲಿಗಿಂತ ಜೋರಾಗಿ ಹಬ್ಬ, ಬಣ್ಣ, ಸಂಗೀತ ಕಟ್ಟಿಕೊಂಡು ಎದ್ದು ನಿಂತ ಕತೆ. ಒಂದು ಅಂಕಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಮೇಷ್ಟ್ರು ಅದನ್ನು ಸದಾ ಹಾರಿಸುತ್ತಿದ್ದರು.

"ನಿನ್ನ ಅಪ್ಪನ ಮದುವೆ ಹೆಂಗಾಗಿತ್ತು ಗೊತ್ತಾ?" ಎಂದು ಶುರುಮಾಡಿದರು.

ಯಶೋಧಾ ಅಲ್ಲಿಗೇ ತಡೆದಳು. "ಗೊತ್ತು, ನನ್ನ ಸೀರೆ ಬೆನ್ನು ನೋಡಿದಾಳೆ. ನಿಮ್ಮ ಹನ್ನೊಂದಕ್ಕೆ ನಾನು ತಲೆ ಆಡ್ಸಿದೀನಿ. ಅವಳ ಹದಿನಾಲ್ಕಕ್ಕೆ ನೀವು ಆಡ್ಸಿ."

ಮೇಷ್ಟ್ರು ಆಡಿಸಿದರು. ವರದಕ್ಷಿಣೆಯ ಮಾತು ಎರಡೂ ಮನೆಯಲ್ಲಿ ಬರಲಿಲ್ಲ ಎಂಬುದೊಂದು ಸಮಾಧಾನ. ಅದು ತಮ್ಮ ಒಂದನೆಯ ಅಂಶ ಎಂದು ಅವರು ನಾಲ್ಕು ಜನರ ಎದುರು ಹೇಳಿದರು. ಯಾರೂ ಗಮನಿಸಲಿಲ್ಲ.

ಮಾರ್ಚಿನಲ್ಲಿ ಪೇಂಟರ್ ದುರ್ಗೇಶ್ ಬಂದು ಹಸಿರು ಗೋಡೆಯನ್ನು ಪೂರ್ತಿ ಕೆರೆದು ಕೆಮ್ಮಣ್ಣು ಸಾರಿಸಿಕೊಟ್ಟ. ಕೆರಿಯಮ್ಮ ಅಕ್ಕಿ ನೆನೆಸಿದರು, ಪುಂಡಿನಾರು ಬಡಿದು ಕುಂಚ ಕಟ್ಟಿದರು. ಮೊದಲ ಗೆರೆಗೇ ಅವರ ಕೈ ನಡುಗಿತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಎರಡನೆಯದು ಎಳೆದರು, ಅದೂ ಅಲ್ಲಾಡಿತು. ಯಶೋಧಾ ಪಕ್ಕಕ್ಕೆ ಬಂದು ಕೂತು ಕೈ ಚಾಚಿದಳು.

"ಕೊಡಿ ಅತ್ತೆ. ನೀವು ಹೇಳಿ, ನಾ ಎಳೀತೀನಿ."

"ನಿಂಗೆ ಬರ್ತದಾ?"

"ತವರಲ್ಲಿ ಅಕ್ಕಂದಿರ ಮದ್ವೆಗೆ ಬರ್ದಿದೀನಿ. ಈ ಮನೇಲಿ ಯಾರು ಕೇಳಿದ್ರು?"

ಇಪ್ಪತ್ತೆಂಟು ವರ್ಷ ಒಂದೇ ಅಡಿಗೆಮನೆಯಲ್ಲಿ ಬೇಯಿಸಿದ ಅತ್ತೆ ಸೊಸೆಗೆ ಒಬ್ಬರ ಕೈ ಒಬ್ಬರಿಗೆ ಗೊತ್ತಿರಲಿಲ್ಲ. ಕೆರಿಯಮ್ಮ ಕೂತಲ್ಲಿಂದ ಹಾಡು ಹೇಳಿದರು, ಎಳೆ ಲೆಕ್ಕ ಹೇಳಿದರು, ಯಶೋಧಾ ಎಳೆದಳು. ಹದಿನೆಂಟು ದಿನ ಹಿಡಿಯಿತು. ಮೇಷ್ಟ್ರು ಆಗಾಗ ಬಂದು ಇಟಲಿಯ ಮಾತೆತ್ತಲು ಬಾಯಿ ತೆರೆದು, ಇಬ್ಬರ ಮುಖ ನೋಡಿ, ಕಾಫಿ ತರುತ್ತೇನೆಂದು ಒಳಗೆ ಹೋಗುತ್ತಿದ್ದರು.

ಲಿಖಿತಾ ಮತ್ತು ನಿರಂಜನ ಆ ಗೋಡೆಯ ಮುಂದೆ ಹಸೆಗೆ ಕೂತರು. ಡ್ರೋನ್ ಮನೆಯೊಳಗೆ ಬರಲಾಗದೆ ಅಂಗಳದ ಮೇಲೆ ಹಾರಾಡಿತು. ಫೋಟೋ ನೋಡಿದ ಊರಿನ ಹೆಂಗಸರು, ಮೇಷ್ಟರ ಮನೆಯಲ್ಲೇ ಬರೆಸಿದ ಮೇಲೆ ನಮ್ಮಲ್ಲೂ ಬರೆಸಬೇಕು ಎಂದರು. ಸ್ವಸಹಾಯ ಸಂಘದ ಇಬ್ಬರು ಕಲಿಯಲು ಬರತೊಡಗಿದರು.

ಕಲಿಸುವ ಮಾತು ಬಂದಮೇಲೆ ಮೇಷ್ಟ್ರು ಸುಮ್ಮನಿರುವುದು ಹೇಗೆ? ಒಂದು ಪಠ್ಯಕ್ರಮ ಮಾಡಿದರು. ಮೊದಲ ತಿಂಗಳು ಇತಿಹಾಸ, ಎರಡನೇ ತಿಂಗಳು ಸಿದ್ಧಾಂತ, ಮೂರನೇ ತಿಂಗಳು ಕುಂಚ, ಕೊನೆಗೆ ಐವತ್ತು ಅಂಕದ ಪರೀಕ್ಷೆ. ಹಾಳೆಯನ್ನು ಎಲ್ಲಿ ಅಂಟಿಸುವುದೆಂದು ಜಾಗ ನೋಡುತ್ತಿದ್ದಾಗ ಯಶೋಧಾ ಅದನ್ನು ಇಸಿದುಕೊಂಡು, ಅಕ್ಕಿ ಹಿಟ್ಟು ಸೋರದಂತೆ ಬಟ್ಟಲ ಕೆಳಗೆ ಹಾಸಿದಳು.

"ಅವ್ರಿಗೆ ಕಲ್ಸಕ್ಕೆ ನಾವಿದೀವಿ," ಎಂದರು ಕೆರಿಯಮ್ಮ. "ನಿಂಗೆ ಕಲಿಯಕ್ಕೆ ಮನ್ಸಿದ್ರೆ ಕೂತ್ಕಾ."

ಗಂಡಸರು ಹಸೆ ಬರೆದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಇದೂ ಒಂದು ಸುಧಾರಣೆಯಾಗುತ್ತದೆ ಎಂದು ಮೇಷ್ಟ್ರು ಗಟ್ಟಿಯಾಗಿಯೇ ಹೇಳಿ, ಪಂಚೆ ಮೇಲೆತ್ತಿ ಕಟ್ಟಿ, ಕಲಿಯಲು ಬಂದ ಇಬ್ಬರ ಪಕ್ಕ ಮಣೆ ಹಾಕಿಕೊಂಡು ಕೂತರು. ಅಭ್ಯಾಸಕ್ಕೆಂದು ಕೊಟ್ಟ ಹಲಗೆಯ ಮೇಲೆ ಅವರ ಮೊದಲ ಎಳೆ ನೇರವಾಗಿ ಹೊರಟಿತು. ಅರ್ಧ ದಾರಿಯಲ್ಲಿ ಫ್ಲಾರೆನ್ಸಿನ ಗುರುಗಳು ಶಿಷ್ಯರಿಗೆ ಗೆರೆ ಕಲಿಸುತ್ತಿದ್ದ ಕ್ರಮವನ್ನು ಅವರು ಪಕ್ಕದವರಿಗೆ ವಿವರಿಸತೊಡಗಿದರು.

"ಮಾತಾಡ್ತಾ ಎಳೀಬೇಡ ಮಂಜಾ," ಎಂದರು ಕೆರಿಯಮ್ಮ. "ನೋಡು, ಸೊಟ್ಟ ಆಯ್ತು. ಒರ್ಸು, ಮೊದ್ಲಿಂದ ಎಳಿ."

ಮೇಷ್ಟ್ರು ಒರೆಸಿದರು.